ಹಂಚಿದರೆ ಹೊಣೆ ಕಡಿಮೆಯಾಗುವುದೆ?

ಬೆಳಗಾವಿ ಸೀಮೆಯ ನಮ್ಮ ಸಮಾಜದಲ್ಲಿ ಕಬ್ಬು ಬೆಳೆಯುವ ಮನೆತನಗಳು ಬಹಳ, ನಮ್ಮದೂ ಅವುಗಳಲ್ಲೊಂದು. ಕಾಕಂಬಿಯಿಂದ ಎಥನಾಲ್ ತಯಾರಿಸುವ ಕಾರ್ಖಾನೆಯಲ್ಲಿ ನೌಕರಿಯಲ್ಲಿರುವ ನನ್ನ ಸೋದರಳಿಯನು ಈಚೆಗೆ, “ಮಾಮಾ, ನಮ್ಮ ಹುದುಗಿನ ತೊಟ್ಟಿಯ ಇಂಗಾಲಕ್ಕ ಲೆಕ್ಕದಾಗ ಸೊನ್ನೆರಿ” ಎಂದು ಹೆಮ್ಮೆಯಿಂದ ಹೇಳಿದನು. ಆ ಸೊನ್ನೆ ನನ್ನನ್ನು ವಿಚಾರಕ್ಕೆ ಹಚ್ಚಿತು.

ಅವನ ಮಾತು ಸುಳ್ಳಲ್ಲ. 180 ಗ್ರಾಂ ಗ್ಲೂಕೋಸನ್ನು ಯೀಸ್ಟ್ ಪೂರ್ಣವಾಗಿ ಹುದುಗಿಸಿದರೆ 92 ಗ್ರಾಂ ಎಥನಾಲ್, 88 ಗ್ರಾಂ ಇಂಗಾಲದ ಡೈಆಕ್ಸೈಡ್ ಉಂಟಾಗುತ್ತವೆ. ಕಬ್ಬು ಗಾಳಿಯಿಂದ ಪಡೆದುದೇ ಗಾಳಿಗೆ ಮರಳುವುದರಿಂದ ಅದನ್ನು ಹೊರೆಯ ಮೊತ್ತಕ್ಕೆ ಸೇರಿಸದಿರುವುದು ರೂಢಿ. ಆದರೆ ಕಬ್ಬಿಗೆ ಹಾಕಿದ ಯೂರಿಯಾ? ಅದರಿಂದ ಮಣ್ಣಿನಲ್ಲಿ ಹುಟ್ಟುವ ನೈಟ್ರಸ್ ಆಕ್ಸೈಡ್, ನೂರು ವರ್ಷಗಳ ಅವಧಿಯಲ್ಲಿ, ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 273 ಪಟ್ಟು ಹೆಚ್ಚು ತಾಪಕಾರಿ. ನೀರೆತ್ತುವ ಪಂಪು, ಸಾಗಿಸುವ ಲಾರಿ, ಬಟ್ಟಿ ಇಳಿಸುವ ಬಾಯ್ಲರುಗಳ ಹೊರೆಯೂ ಉಂಟು. ಬಾಯ್ಲರಿನಲ್ಲಿ ಕಲ್ಲಿದ್ದಲು ಉರಿಸಿದರೆ ಒಂದು ಲೆಕ್ಕ, ಕಬ್ಬಿನ ಸಿಪ್ಪೆ ಉರಿಸಿದರೆ ಮತ್ತೊಂದು. ಆ ಶಾಖಕ್ಕೆ ಅಳಿಯುವ ಕೋಟ್ಯನುಕೋಟಿ ಯೀಸ್ಟ್ ಜೀವಿಗಳಿಗಂತೂ ಈ ಲೆಕ್ಕದಲ್ಲಿ ಅಂಕಣವೇ ಇಲ್ಲ. ಅದು ಬೇರೆಯೇ ಚರ್ಚೆ.

ನಿಜವಾದ ತೊಡಕಿರುವುದು ಹಂಚಿಕೆಯಲ್ಲಿ. ಒಂದೇ ಕಬ್ಬಿನಿಂದ ಸಕ್ಕರೆ, ಕಾಕಂಬಿ, ಸಿಪ್ಪೆ ಎಲ್ಲವೂ ಬರುತ್ತವೆ. ಹೊಲದ ಹೊರೆಯಲ್ಲಿ ಕಾಕಂಬಿಯ ಪಾಲೆಷ್ಟು? 2006ರ ಐಎಸ್‌ಒ 14044 ಮಾನದಂಡವು ಸಾಧ್ಯವಾದರೆ ಹಂಚಿಕೆಯನ್ನೇ ತಪ್ಪಿಸಿರಿ ಎನ್ನುತ್ತದೆ. ಆಗದಿದ್ದರೆ ಭೌತಿಕ ಸಂಬಂಧವನ್ನೂ, ಅದೂ ಆಗದಿದ್ದರೆ ಬೆಲೆಯಂಥ ಬೇರೆ ಸಂಬಂಧವನ್ನೂ ಆಧರಿಸಿ ಹಂಚಿರಿ ಎನ್ನುತ್ತದೆ. ಬೆಲೆಯಿಂದ ಹಂಚಿದರೆ ಅಗ್ಗದ ಕಾಕಂಬಿಗೆ ಅಲ್ಪ ಪಾಲು. ಎಥನಾಲಿಗೆ ಬೇಡಿಕೆ ಹೆಚ್ಚಿ ಕಾಕಂಬಿಯ ದರವೇರಿದರೆ ಅದರ ಪಾಲೂ ಏರುತ್ತದೆ. ಹೊಲದಲ್ಲಿ ಒಂದು ಎಲೆಯೂ ಅಲುಗಿರುವುದಿಲ್ಲ; ಪೇಟೆಯ ದರ ಬದಲಾಯಿತೆಂದು ಹೊಣೆ ಒಬ್ಬರಿಂದ ಇನ್ನೊಬ್ಬರಿಗೆ ದಾಟಿತು!

ಹಸಿರುಮನೆ ಅನಿಲಗಳ ಲೆಕ್ಕಕ್ಕೆಂದು 2001ರಲ್ಲಿ ಪ್ರಕಟವಾದ ಪ್ರೋಟೊಕಾಲ್ ಸಂಸ್ಥೆಯೊಂದರ ಹೊಣೆಯನ್ನು ಮೂರು ವ್ಯಾಪ್ತಿಗಳಲ್ಲಿ ಇಡುತ್ತದೆ. ಸ್ವಂತ ಚಿಮಣಿಯಿಂದ ಹೊರಟದ್ದು ಮೊದಲನೆಯದು, ಕೊಂಡ ವಿದ್ಯುತ್ತಿನದು ಎರಡನೆಯದು. ಸರಕು ಒದಗಿಸುವವರಿಂದ ಬಳಸುವವರ ತನಕದ ಉಳಿದೆಲ್ಲವೂ ಮೂರನೆಯದು. ಕೃತ, ಕಾರಿತ, ಅನುಮೋದಿತಗಳನ್ನು ಕೇಳಿ ಬೆಳೆದ ನಮಗೆ ಇದು ಪರಿಚಿತವೆನಿಸೀತು. ಸಾಮ್ಯ ಪೂರ್ಣವಲ್ಲ. ಒಬ್ಬರ ಮೊದಲ ವ್ಯಾಪ್ತಿ ಇನ್ನೊಬ್ಬರ ಮೂರನೆಯದಾಗುವುದರಿಂದ, ಎಲ್ಲರ ಪಟ್ಟಿಗಳನ್ನು ಕೂಡಿಸಿದರೆ ಒಂದೇ ಹೊರೆ ಎರಡು ಬಾರಿ ಎಣಿಕೆಯಾಗುತ್ತದೆ; ಲೆಕ್ಕಿಗನಿಗೆ ಅದು ದೋಷ. ನಮ್ಮ ವಿಚಾರದಲ್ಲಾದರೋ ಮಾಡಿಸಿದವನಿದ್ದಾನೆಂದು ಮಾಡಿದವನ ಭಾರ ಇಳಿಯದು, ಮೆಚ್ಚಿದವನದೂ ಇಳಿಯದು.

ಹಾಗಾದರೆ ಅಳತೆ ವ್ಯರ್ಥವೆ? ಹಾಗೆನ್ನಲಾರೆ. ಗೊಬ್ಬರದಲ್ಲಿ ಎಷ್ಟು, ಬಾಯ್ಲರಿನಲ್ಲಿ ಎಷ್ಟು ಎಂಬುದು ತಿಳಿಯದೆ ಎಲ್ಲಿ ತಗ್ಗಿಸಬೇಕೆಂಬುದೂ ತಿಳಿಯದು. ಅಳೆಯಬಹುದಾದುದನ್ನು ಅಳೆಯದೆ ಬಿಡುವುದೂ ಪ್ರಮಾದವೇ.

ಇಷ್ಟನ್ನೂ ಅಳಿಯನಿಗೆ ವಿವರಿಸಿ, ಲೆಕ್ಕವನ್ನು ಹೊಲದ ತನಕ ಒಯ್ಯಬೇಕೆಂದೆ. ಅವನು ನಕ್ಕು, “ಆ ಯೂರಿಯಾ ಹಾಕಿದವರು ನೀವ ಅಲ್ಲೇನ್ರಿ ಮಾಮಾ? ಎಕರೆಗೆ ಎಷ್ಟು ಚೀಲ, ಹೇಳ್ರಿ” ಎಂದನು. ನಾನು ಎಂದೂ ಬರೆದಿಟ್ಟವನಲ್ಲ. ಈ ಹಂಗಾಮಿನಿಂದ ಬರೆಯತೊಡಗಿದ್ದೇನೆ.