ನಾಕು ಜನರ ಹೆಗಲು

ಮುಂಬಯಿಯಲ್ಲಿ ಸಂಸಾರ ಹೂಡಿದವನ ಹತ್ತಿರ, ಊರಿನಿಂದ ಬಂದವರಿಗೆ ತೋರಿಸಬೇಕಾದ ಜಾಗಗಳ ಒಂದು ಪಟ್ಟಿ ಇದ್ದೇ ಇರುತ್ತದೆ. ಗೇಟ್‌ವೇ, ಅದರೆದುರಿನ ತಾಜ್, ಹ್ಯಾಂಗಿಂಗ್ ಗಾರ್ಡನ್, ಮಹಾಲಕ್ಷ್ಮಿ ದೇವಸ್ಥಾನ, ಹಾಜಿ ಅಲಿ, ರಾಣಿಬಾಗ್, ಜುಹೂ ಚೌಪಾಟಿ. ಒಂದಿಡೀ ದಿನ ಕೈಯಲ್ಲಿದ್ದರೆ ಎಲಿಫೆಂಟಾ. ನಿಜ ಹೇಳಬೇಕೆಂದರೆ ಇದರಲ್ಲಿ ಅರ್ಧದಷ್ಟು ಜಾಗಗಳನ್ನು ನಾವು ಮೊದಲ ಸಲ ನೋಡಿದ್ದು ನೆಂಟರ ಜೊತೆಗೇ. ಬಂದವರಿಗೆ ತೋರಿಸುವ ಆ ಒಂದು ದಿನ ಮಾತ್ರ ಈ ಊರು ನಮ್ಮದು ಅನ್ನಿಸುತ್ತದೆ. ಮರುದಿನ ಲೋಕಲ್ ರೈಲಿನ ಬಾಗಿಲಿಗೆ ಜೋತು ಬಿದ್ದಾಗ ಮತ್ತೆ ನಾವು ಬಾಡಿಗೆಯವರು.

2004ರ ಸೆಪ್ಟೆಂಬರಿನಲ್ಲಿ ನನ್ನ ಅಮ್ಮ ಕುಂದಾಪುರದಿಂದ ಮತ್ಸ್ಯಗಂಧಾ ರೈಲಿನಲ್ಲಿ ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದಳು. ನಾನು ಈ ಊರಿಗೆ ಬಂದು ಮೂವತ್ತು ವರ್ಷ ದಾಟಿತ್ತು. ಅವಳು ಬಂದದ್ದು ಅದೇ ಮೊದಲು, ಅದೇ ಕೊನೆ. ಹದಿನೈದು ದಿನಗಳಲ್ಲಿ ಪಟ್ಟಿಯ ಎಲ್ಲವೂ ಮುಗಿದು ಎಲಿಫೆಂಟಾ ಒಂದು ಉಳಿದಿತ್ತು. ಸೋಮವಾರ ಗುಹೆಗಳಿಗೆ ರಜೆ, ಅದೇ ಸೋಮವಾರ ಅವಳಿಗೆ ವಾಪಸ್ ರೈಲು. ಹಾಗಾಗಿ ಇದ್ದದ್ದು ಭಾನುವಾರ ಒಂದೇ. ಚೌತಿ ಮುಗಿದಿದ್ದರೂ ಮಳೆ ಮುಗಿದಿರಲಿಲ್ಲ. ಬೆಳಿಗ್ಗೆ ಕಿಟಕಿಯಿಂದ ಆಕಾಶ ನೋಡಿ ಅಮ್ಮ, "ಇವತ್ ಬ್ಯಾಡ ಮಗಾ, ಕಡಲ್ ಸಮ ಇಲ್ಲ" ಅಂದಳು. ಗಂಗೊಳ್ಳಿಯ ಕಡಲನ್ನು ಹುಟ್ಟಿದಾಗಿಂದ ನೋಡಿದವಳ ಮಾತು. ನಾನು ಕೇಳಲಿಲ್ಲ. "ಇನ್ನೊಂದು ಸಲ ಬರುವುದು ಯಾವಾಗಲೋ, ಇಷ್ಟು ಖರ್ಚು ಮಾಡಿ ಬಂದಿದ್ದೀ" ಅಂದೆ. ಅವಳಿಗೆ ತೋರಿಸಬೇಕೆಂಬ ಆಸೆಯೋ, ತೋರಿಸಿದೆ ಅಂತ ಹೇಳಿಕೊಳ್ಳಬೇಕೆಂಬ ಆಸೆಯೋ ಎಂದು ಆಗ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಗೇಟ್‌ವೇಯಿಂದ ದ್ವೀಪಕ್ಕೆ ಲಾಂಚಿನಲ್ಲಿ ಹತ್ತಿರ ಹತ್ತಿರ ಒಂದು ಗಂಟೆಯ ದಾರಿ. ಆವತ್ತು ಅದಕ್ಕಿಂತ ಹೆಚ್ಚೇ ಹಿಡಿಯಿತು. ಲಾಂಚು ಅಡ್ಡಡ್ಡ ಹೊಯ್ದಾಡುತ್ತಿತ್ತು. ಮೇಲಿನ ಅಟ್ಟದಲ್ಲಿ ಕೂತಿದ್ದ ಕಾಲೇಜು ಹುಡುಗರೂ ಹಾಡು ನಿಲ್ಲಿಸಿ ಕೆಳಗೆ ಬಂದರು. ಆಗೆಲ್ಲ ಯಾರಿಗೂ ಲೈಫ್ ಜಾಕೆಟ್ ಕೊಡುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. 2024ರ ಡಿಸೆಂಬರ್ 18ರಂದು ಇದೇ ದಾರಿಯಲ್ಲಿ ಪ್ರಯಾಣಿಕರ ದೋಣಿಗೆ ನೌಕಾಪಡೆಯ ವೇಗದ ದೋಣಿ ಡಿಕ್ಕಿ ಹೊಡೆದು ಹದಿಮೂರಕ್ಕೂ ಹೆಚ್ಚು ಜನ ಸತ್ತ ಸುದ್ದಿ ಟೀವಿಯಲ್ಲಿ ನೋಡಿದಾಗ, ಇಪ್ಪತ್ತು ವರ್ಷ ತಡವಾಗಿ ನನಗೆ ಕೈಕಾಲು ತಣ್ಣಗಾಯಿತು.

ಅಮ್ಮನ ಹೆದರಿಕೆ ಮರೆಸಲು ನಾನು ಇತಿಹಾಸ ಶುರು ಮಾಡಿದೆ. ದ್ವೀಪದ ನಿಜವಾದ ಹೆಸರು ಘಾರಾಪುರಿ. ದಂಡೆಯ ಹತ್ತಿರ ಒಂದು ದೊಡ್ಡ ಕಲ್ಲಾನೆ ಇದ್ದದ್ದರಿಂದ ಪೋರ್ಚುಗೀಸರು ಎಲಿಫೆಂಟಾ ಅಂತ ಕರೆದರು. 1864ರಲ್ಲಿ ಇಂಗ್ಲಿಷರು ಆ ಆನೆಯನ್ನು ತಮ್ಮ ದೇಶಕ್ಕೆ ಸಾಗಿಸಲು ಎತ್ತುವಾಗ ಅದು ಬಿದ್ದು ಒಡೆಯಿತು. ಚೂರುಗಳನ್ನು ಜೋಡಿಸಿ ರಾಣಿಬಾಗಿನಲ್ಲಿ ನಿಲ್ಲಿಸಿದ್ದಾರೆ, ಮೊನ್ನೆ ನೀನು ನೋಡಿದ್ದು ಅದನ್ನೇ, ಅಂದೆ. ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿ ಪಶ್ಚಿಮ ಸಮುದ್ರದ ಲಕ್ಷ್ಮಿಯೆನಿಸಿದ್ದ 'ಪುರಿ'ಯನ್ನು ನೂರಾರು ಹಡಗುಗಳೊಂದಿಗೆ ಮುತ್ತಿದನೆಂದು 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಬರೆದಿದ್ದಾನೆ. ಆ ಪುರಿ ಈ ಘಾರಾಪುರಿಯೇ ಎಂದು ಕೆಲವು ಇತಿಹಾಸಕಾರರು, ಅಲ್ಲ ಎಂದು ಕೆಲವರು. ನಾನಂತೂ ಹೌದೆನ್ನುವವರ ಪಕ್ಷ. ಮುಂಬಯಿಯಲ್ಲಿ ಹೊಟ್ಟೆಪಾಡಿಗೆ ಇರುವ ಕನ್ನಡಿಗನಿಗೆ, ನಮ್ಮವರು ಇಲ್ಲಿಗೆ ಹಡಗು ಕಟ್ಟಿಕೊಂಡು ಬಂದಿದ್ದರು ಅನ್ನುವುದು ಸಣ್ಣ ಸಮಾಧಾನವೇನಲ್ಲ. ಅಮ್ಮ ಎಲ್ಲ ಕೇಳಿ, "ಅಷ್ಟ್ ಹಡಗ್ ಹುಟ್ಟು ಹಾಕಿದವ್ರ್ ಯಾರ್?" ಅಂದಳು. ಶಾಸನದಲ್ಲಿ ಅವರ ಹೆಸರಿಲ್ಲ.

ದಕ್ಕೆಯಲ್ಲಿ ಇಳಿದು ಒದ್ದೆಯಾಗುತ್ತ ಬುಡಕ್ಕೆ ಬಂದರೆ ಎದುರಿಗೆ ಮೆಟ್ಟಿಲು. ನೂರಿಪ್ಪತ್ತರಷ್ಟು ಇರಬಹುದು. ಎರಡೂ ಕಡೆ ಅಂಗಡಿಗಳು, ಮೇಲೆ ನೀಲಿ ತಾಡಪಾಲು, ಅದರ ತೂತುಗಳಿಂದ ನೀರಿನ ಧಾರೆ. ಅಲ್ಲಿ ನಿಂತಿತ್ತು ಡೋಲಿ: ಎರಡು ಉದ್ದದ ದಂಡಿಗೆ ಕಟ್ಟಿದ ಒಂದು ಕುರ್ಚಿ, ಹೊರಲು ನಾಲ್ಕು ಜನ. ಅಮ್ಮನ ಮೊಣಕಾಲು ನೋವು ನನಗೆ ಗೊತ್ತಿತ್ತು. ಮುನ್ನೂರು ರೂಪಾಯಿಗೆ ಮಾತಾಡಿ ಮುಗಿಸಿ, "ಕೂತ್ಕೋ ಅಮ್ಮ" ಅಂದೆ.

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ನಾನ್ ಇನ್ನೂ ಹೆಣ ಆಯ್ಲಿಲ್ಲ ಮಗಾ, ನಾಕ್ ಜನ ಹೊರುಕೆ."

ಅವರಿಗೆ ಮಾತು ಅರ್ಥವಾಗದಿದ್ದರೂ ಮುಖ ಅರ್ಥವಾಯಿತು. ಅವರಲ್ಲಿ ಹಿರಿಯನೊಬ್ಬ, ಐವತ್ತರ ಮೇಲಿನವನು, ಮರಾಠಿಯಲ್ಲಿ ಹೇಳಿದ್ದು ಇಷ್ಟು: "ಆಯೀ, ನೀವು ಕೂರದೆ ಇದ್ದರೆ ನಮ್ಮ ಹೆಗಲಿಗೆ ಸುಖ, ಆದರೆ ಹೊಟ್ಟೆಗೆ ಇಲ್ಲ. ಮಳೆಯಿಂದಾಗಿ ಬೆಳಿಗ್ಗೆಯಿಂದ ಬೋಣಿ ಆಗಿಲ್ಲ." ನಾನು ಕನ್ನಡ ಮಾಡಿ ಹೇಳಿದೆ. ಅಮ್ಮ ಸೊಂಟದ ಚೀಲದಿಂದ ನೂರರ ನೋಟೊಂದನ್ನು ತೆಗೆದು ಅವನಿಗೆ ಕೊಡಹೋದಳು. ಅವನು ಕೈ ಮುಗಿದ. ಹೊರದೆ ದುಡ್ಡು ಬೇಡ ಅಂದ.

ಅಮ್ಮ ಹತ್ತಿಯೇ ಹೋದಳು. ಹತ್ತು ಮೆಟ್ಟಿಲಿಗೊಮ್ಮೆ ನಿಂತು, ಅಂಗಡಿಯವರ ಕಂಬ ಹಿಡಿದು, ನನ್ನ ಕೈ ಹಿಡಿಯದೆ. ನನಗೆ ಸಿಟ್ಟು ಬಂದಿತ್ತು. ದುಡ್ಡು ಕೊಡುತ್ತೇವೆ, ಅವರು ಕೆಲಸ ಮಾಡುತ್ತಾರೆ, ಇದರಲ್ಲಿ ಇಷ್ಟು ಯೋಚನೆ ಮಾಡುವಂಥದ್ದು ಏನಿದೆ ಅಂತ.

ಏನಿದೆ ಅನ್ನುವುದು ನನಗೇ ಗೊತ್ತಿರಬೇಕಿತ್ತು. ಹನ್ನೆರಡನೇ ವರ್ಷಕ್ಕೆ ಫೋರ್ಟಿನ ಒಂದು ಹೊಟೇಲಿಗೆ ಬಂದು, ಹಗಲು ಎಂಜಲು ಲೋಟ ಎತ್ತಿ, ರಾತ್ರಿ ಕನ್ನಡ ಶಾಲೆಯಲ್ಲಿ ತೂಕಡಿಸುತ್ತ ಓದಿ, ಬ್ಯಾಂಕಿನ ಗುಮಾಸ್ತನಾದವನು ನಾನು. ಆಗ ನನ್ನನ್ನು ಯಾರಾದರೂ ಕರುಣೆಯಿಂದ ನೋಡಿ "ಪಾಪ, ಈ ಹುಡುಗನ ಕೈಯಲ್ಲಿ ಚಾ ತರಿಸಿಕೊಳ್ಳುವುದಿಲ್ಲ" ಎಂದು ಎದ್ದು ಹೋಗಿದ್ದರೆ ನನ್ನ ಟಿಪ್ಸು ಹೋಗುತ್ತಿತ್ತು ಅಷ್ಟೆ. ಹಾಗೆಂದು, ನನ್ನ ಕಡೆ ನೋಡದೆಯೇ ಲೋಟ ತಳ್ಳುತ್ತಿದ್ದ ಗಿರಾಕಿಗಳನ್ನು ನಾನು ಈಗಲೂ ಕ್ಷಮಿಸಿಲ್ಲ. ಇನ್ನು ಅಮ್ಮ ಹೆಂಚಿನ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ತಲೆಯ ಮೇಲೆ ಮಣ್ಣು ಹೊತ್ತವಳು. ಹೊರುವುದೆಂದರೆ ಏನೆಂದು ಅವಳ ಕುತ್ತಿಗೆಗೆ ಗೊತ್ತಿತ್ತು.

ಮನುಷ್ಯನನ್ನು ಮನುಷ್ಯ ಹೊರುವುದು ತಪ್ಪೇ? ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು 1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಸರಕಾರದಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ನಿಲ್ಲಿಸಿದಾಗ, ಹೊರುವವರ ಕೂಲಿ ಹೋಗುತ್ತದಲ್ಲ ಎಂಬ ವಾದವನ್ನು ಇವತ್ತು ಯಾರೂ ಬಾಯಿಬಿಟ್ಟು ಹೇಳಲಾರರು. ಕೆಲವು ಹೊರೆಗಳು ಕೂಲಿಯಿಂದ ಶುದ್ಧವಾಗುವಂಥವಲ್ಲ. ಡೋಲಿ ಆ ಜಾತಿಯ ಹೊರೆಯೇ? ಪೂರ್ತಿ ಅಲ್ಲ. ರೋಗಿಯನ್ನು ಹೊರುತ್ತೇವೆ, ಮಗುವನ್ನು ಹೊರುತ್ತೇವೆ, ಕೊನೆಗೆ ಹೆಣವನ್ನೂ ಹೊರುತ್ತೇವೆ. ಅದರಲ್ಲಿ ಅವಮಾನವಿಲ್ಲ. ಅವಮಾನ ಇರುವುದು, ಹೊರುವವರು ಯಾವಾಗಲೂ ಅವರೇ, ಕೂರುವವರು ಯಾವಾಗಲೂ ನಾವೇ ಎನ್ನುವುದರಲ್ಲಿ.

ಘಾರಾಪುರಿ ಇರುವ ರಾಯಗಡ ಜಿಲ್ಲೆಯಲ್ಲೇ ಮಾಥೇರಾನ್ ಕೂಡ ಇದೆ. ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ ಆ ಗಿರಿಧಾಮದಲ್ಲಿ ಜನರನ್ನು ಕೂರಿಸಿ ಕೈಯಿಂದ ಎಳೆಯುವ ರಿಕ್ಷಾಗಳನ್ನು ಆರು ತಿಂಗಳೊಳಗೆ ನಿಲ್ಲಿಸಬೇಕೆಂದು 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಎಳೆಯುವವರಿಗೆ ಬದಲಿ ಜೀವನೋಪಾಯ ಆಗಬೇಕು ಅಂತಲೂ ಹೇಳಿತು. ಆ ಎರಡನೇ ಮಾತು ಓದಿದಾಗ ನನಗೆ ಮೆಟ್ಟಿಲಿನ ಬುಡದಲ್ಲಿ ಕೈಮುಗಿದ ಆ ಹಿರಿಯ ನೆನಪಾದ. ಕೋರ್ಟು, ಸರಕಾರ ಮಾಡಬಹುದಾದದ್ದನ್ನು ಮಳೆಯಲ್ಲಿ ನಿಂತ ಒಬ್ಬ ಮುದುಕಿ ಮಾಡಲಾರಳು. ಅವಳು ಕೂರದೆ ಹೋದರೆ ಡೋಲಿ ನಿಲ್ಲುವುದಿಲ್ಲ, ನಾಲ್ಕು ಜನರ ಊಟ ಮಾತ್ರ ನಿಲ್ಲುತ್ತದೆ. ಹಾಗಾದರೆ ಅವಳ ಹಿಂಜರಿಕೆ ದಂಡವೇ? ಅಲ್ಲ ಅಂತ ನನಗೆ ಗೊತ್ತಾದದ್ದು ಇಳಿಯುವಾಗ.

ಗುಹೆಯೊಳಗೆ ಮಳೆಯ ಸದ್ದು ದೂರವಾಯಿತು. ಅಮ್ಮ ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದಳು, ಉಳಿದ ಯಾರೂ ಬಿಟ್ಟಿರಲಿಲ್ಲ. ಮೂರು ಮುಖದ ಆ ಮಹಾಶಿವನೆದುರು, ಮೂರಾಳೆತ್ತರದ ಕಲ್ಲಿನ ಎದುರು, ಅವಳು ಬಹಳ ಹೊತ್ತು ಸುಮ್ಮನೆ ನಿಂತಳು. ಕೈ ಮುರಿದ, ಕಾಲು ಹೋದ ವಿಗ್ರಹಗಳನ್ನೆಲ್ಲ ನೋಡಿ "ಯಾರ್ ಮಗಾ ಹೀಂಗ್ ಮಾಡ್ದವ್ರ್?" ಎಂದು ಕೇಳಿದಳು. ಪೋರ್ಚುಗೀಸ್ ಸೈನಿಕರು ಅಂತಾರೆ, ಅಂದೆ. ರಾವಣ ಕೈಲಾಸವನ್ನು ಎತ್ತುವ ಶಿಲ್ಪವೂ ಬಹಳ ಹಾಳಾಗಿದೆ. ಗೋಕರ್ಣದ ಕತೆಯ ರಾವಣ ಅವಳಿಗೆ ಗುರುತಿನವನೇ. "ಮೇಲೆ ಕೂತವ್ರಿಗೆ ಎಂತದೂ ಗೊತ್ತಿಲ್ಲ ಕಾಣ್" ಅಂದಳು. ಅಷ್ಟೇ ಹೇಳಿದ್ದು.

ಅಷ್ಟರಲ್ಲಿ ಕಾವಲುಗಾರನೊಬ್ಬ ಬಂದು, ಗಾಳಿ ಜೋರಾಗುತ್ತಿದೆ, ಲಾಂಚುಗಳು ಬೇಗ ಹೊರಡುತ್ತವೆ, ಎಲ್ಲರೂ ಇಳಿಯಿರಿ ಎಂದು ಕೂಗಿದ. ಮೆಟ್ಟಿಲ ಮೇಲೆ ಈಗ ನೀರು ಹರಿಯುತ್ತಿತ್ತು. ಹತ್ತು ಮೆಟ್ಟಿಲು ಇಳಿಯುವಷ್ಟರಲ್ಲಿ ಅಮ್ಮ ಜಾರಿ ಕೂತಳು. ಪೆಟ್ಟೇನೂ ಆಗಲಿಲ್ಲ, ಆದರೆ ಮೊಣಕಾಲು ಮಡಚಲು ಬರದಾಯಿತು. ಬೆಳಗಿನ ಅದೇ ನಾಲ್ವರು ಬಂದರು. ಈ ಸಲ ಅವಳು ಬೇಡ ಅನ್ನಲಿಲ್ಲ.

ಕೂರುವ ಮೊದಲು ತನ್ನ ಚೀಲವನ್ನು ನನ್ನ ಕೈಗೆ ಕೊಟ್ಟಳು. ಅದರಲ್ಲಿ ಬುತ್ತಿಯ ಡಬ್ಬಿ, ನೀರಿನ ಬಾಟಲಿ. ಆಮೇಲೆ ಕೊಡೆ ಕೊಟ್ಟಳು. ಆಮೇಲೆ ಒದ್ದೆಯಾಗಿದ್ದ ಶಾಲು ತೆಗೆದು ಅದನ್ನೂ ಕೊಟ್ಟಳು. "ಅವ್ರಿಗ್ ಭಾರ ಆತ್ತ್" ಅಂದಳು. ಕಡೆಗೆ ಚಪ್ಪಲಿಯನ್ನೂ ಕೊಟ್ಟಾಗ ಆ ಹಿರಿಯ ನಕ್ಕುಬಿಟ್ಟ. ಡೋಲಿಯಲ್ಲಿ ಕೂತು ಇಡೀ ದಾರಿ ಅವನ ಕಾಲಿನ ಕಡೆಗೇ ನೋಡುತ್ತಿದ್ದಳು. ಮೆಟ್ಟಿಲು ಒಡೆದಲ್ಲೆಲ್ಲ "ಸಮಾ, ಸಮಾ" ಅನ್ನುತ್ತಿದ್ದಳು. ಅವನಿಗೆ ಎಷ್ಟು ಮಕ್ಕಳು, ಊಟ ಆಯಿತೋ ಇಲ್ಲವೋ ಅಂತ ನನ್ನಿಂದ ಕೇಳಿಸಿದಳು. ಕೆಳಗಿಳಿದ ಮೇಲೆ ಬುತ್ತಿಯಲ್ಲಿ ಉಳಿದಿದ್ದ ಇಡ್ಲಿಯನ್ನು ನಾಲ್ವರಿಗೂ ಹಂಚಿದಳು. ಅವರು ತಿಂದರು, ದುಡ್ಡನ್ನೂ ತಗೊಂಡರು.

ಎಷ್ಟು ಕಳಚಿಟ್ಟರೂ ಒಂದು ಡೋಲಿಯ ಭಾರ ಎಷ್ಟು ಕಮ್ಮಿಯಾದೀತು? ಎರಡು ಕಿಲೋ ಇರಬಹುದು. ಆದರೂ ಬೆಳಿಗ್ಗೆ ನಾನು ಕೂರಿಸಿದಂತೆಯೇ ಕೂತಿದ್ದರೆ ಆ ಎರಡು ಕಿಲೋ ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ. ಹೊರಿಸಿಕೊಳ್ಳದೆ ಬದುಕುವುದು ಯಾರಿಗೂ ಸಾಧ್ಯವಿಲ್ಲ. ಹೊರುವವನ ಹೆಗಲು ತನ್ನ ಹೆಗಲಿನ ಹಾಗೇ ಎಂಬುದನ್ನು ಮರೆಯದೆ ಹೊರಿಸಿಕೊಳ್ಳುವುದು ಸಾಧ್ಯ. ಅಷ್ಟರಿಂದ ಲೋಕ ಸರಿಹೋಗುವುದಿಲ್ಲ, ಆದರೆ ಅಷ್ಟೂ ಇಲ್ಲದಿದ್ದರೆ ಸರಿಪಡಿಸಬೇಕೆಂದು ಯಾರಿಗೂ ಅನ್ನಿಸುವುದೂ ಇಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ಅಮ್ಮನ ಒಳ್ಳೆಯತನದ ಕತೆಯಾಗುತ್ತದೆ. ಆದರೆ ನನ್ನ ಲೆಕ್ಕ ಬೇರೆ ಉಳಿದಿದೆ. 2011ರ ಜುಲೈಯಲ್ಲಿ ಅಮ್ಮ ಹೋದಳು. ಬೆಳಿಗ್ಗೆ ಫೋನು ಬಂತು, ನಾನು ಊರು ಮುಟ್ಟುವಾಗ ಮಾರನೇ ದಿನ. ಜಡಿಮಳೆ, ಅಷ್ಟು ಹೊತ್ತು ಇಟ್ಟುಕೊಳ್ಳುವ ಹಾಗಿರಲಿಲ್ಲ. ನೆರೆಮನೆಯ ನಾಲ್ಕು ಜನ ಹೊತ್ತಿದ್ದರು, ತಂಗಿಯ ಮಗ ಬೆಂಕಿ ಕೊಟ್ಟಿದ್ದ. ಒಬ್ಬನೇ ಮಗ ನಾನು, ಒಂದು ಮಾರು ದಾರಿಗೂ ಹೆಗಲು ಕೊಡಲಿಲ್ಲ.

ಪರವೂರಿನಲ್ಲಿರುವವರ ಬದುಕೇ ಹೀಗೆ. ತಿಂಗಳಿಗೊಂದು ಮನಿಯಾರ್ಡರ್ ಕಳಿಸಿದೆವು, ಆಮೇಲೆ ಬ್ಯಾಂಕಿಗೆ ಹಾಕಿದೆವು. ಅಮ್ಮನನ್ನು ಆಸ್ಪತ್ರೆಗೆ ಕರಕೊಂಡು ಹೋದದ್ದು ತಂಗಿ, ಮಾಡಿಗೆ ಹೆಂಚು ಹೊದೆಸಿದ್ದು ನೆರೆಯವರು, ಕೊನೆಗೆ ಹೊತ್ತದ್ದೂ ಅವರೇ. ನಾವು ದುಡ್ಡು ಕೊಟ್ಟೆವು. ಆ ನಾಲ್ಕು ಜನಕ್ಕಂತೂ ದುಡ್ಡೂ ಕೊಡಲಾಗಲಿಲ್ಲ, ಕೊಟ್ಟರೆ ತಗೊಳ್ಳುತ್ತಿರಲಿಲ್ಲ. ಘಾರಾಪುರಿಯ ಮೆಟ್ಟಿಲ ಮೇಲೆ ನಾನು ನೋಡಿದ್ದು ನನ್ನದೇ ಮೂವತ್ತು ವರ್ಷಗಳನ್ನು: ಅಮ್ಮ ಬೇರೆಯವರ ಹೆಗಲ ಮೇಲೆ, ನಾನು ಪಕ್ಕದಲ್ಲಿ ಪಾಕೀಟು ಹಿಡಿದುಕೊಂಡು. ಆವತ್ತು ಅವಳು ಸಿಟ್ಟಿನಿಂದ ಬೇಡ ಅಂದದ್ದು ಆ ನಾಲ್ವರಿಗೋ ನನಗೋ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ.

ಘಾರಾಪುರಿಗೆ 2018ರಲ್ಲಿ ಕರೆಂಟು ಬಂತು. ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷವಾದ ಮೇಲೆ. ಆ ಸುದ್ದಿ ಓದಿದ ರಾತ್ರಿ ಆ ಹಿರಿಯನ ಮನೆಯಲ್ಲಿ ದೀಪ ಉರಿಯುವುದನ್ನು ಊಹಿಸಿಕೊಂಡೆ. ಅವನ ಮಕ್ಕಳು ಡೋಲಿ ಹೊರುವ ಹಾಗಾಗದಿರಲಿ ಅಂದುಕೊಂಡೆ. ಊರಿನಿಂದ ಈಗಲೂ ನೆಂಟರು ಬರುತ್ತಾರೆ. ಪಟ್ಟಿ ಹಾಗೇ ಇದೆ. ಮೋಡ ಕಂಡರೆ ಮಾತ್ರ, ಹೋಗೋಣ ಎನ್ನುವ ಮೊದಲು ಅವರಿಗೆ ಬೇಕೋ ಬೇಡವೋ ಅಂತ ಎರಡು ಸಲ ಕೇಳುತ್ತೇನೆ.