ಕೌದಿಯ ಕಿವಿ

ಯಶವಂತಪುರದ ಬಾಡಿಗೆ ಮನೆಯಲ್ಲಿ ಹಾಲುಕ್ಕಿಸಿದ ದಿನ ಒಳಗೆ ಇದ್ದದ್ದು ಒಂದು ಸ್ಟೌ, ಒಂದು ಪಾತ್ರೆ, ನಾವು ಮೂರು ಜನ. ಮಗಳು ಹಾಲ್‌ನಿಂದ "ಅಪ್ಪಾ" ಅಂದಳು. ಟೈಲ್ಸ್ ನೆಲ, ಬೋಳು ಗೋಡೆ, ಗಾಜಿನ ಕಿಟಕಿ ಸೇರಿಕೊಂಡು ಆ ಕರೆಗೊಂದು ಬಾಲ ಹಚ್ಚಿ ಅಡುಗೆಮನೆಗೆ ಕಳಿಸಿದವು. ಅವಳಿಗೆ ಆಟ ಸಿಕ್ಕಿತು, ನನಗೆ ಕಸಿವಿಸಿ. ಮುಂಗಡ ಎಣಿಸಿ ಕೊಟ್ಟಾಗಿತ್ತು, ಆದರೂ ಮನೆ ನಮ್ಮ ಮಾತನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಮೂರನೆಯ ದಿನ ಅವ್ವ ಧಾರವಾಡದ ಕಡೆಯಿಂದ ರೈಲು ಹತ್ತಿ ಬಂದಳು. ಕೈಯಲ್ಲಿ ಎರಡು ಗಂಟು. ಒಂದರಲ್ಲಿ ನವಲಗುಂದದ ಜಮಖಾನೆ. ಅಲ್ಲಿನ ಹೆಣ್ಣುಮಕ್ಕಳು ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು ಹತ್ತಿಯ ನೂಲಿನಲ್ಲಿ ನವಿಲು, ಪಗಡೆಹಾಸು ಮೂಡಿಸುವ ಈ ಜಮಖಾನೆಗೆ ಈಗ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆಯೂ ಇದೆ. ಇನ್ನೊಂದರಲ್ಲಿ ಕೌದಿ. ಇಳಕಲ್ ಸೀರೆಯ ಸೆರಗು, ಅಪ್ಪನ ಧೋತರ, ನನ್ನ ಶಾಲೆಯ ಖಾಕಿ ಚಡ್ಡಿ ಎಲ್ಲವೂ ಅದರೊಳಗೆ ಪದರಪದರವಾಗಿ ಸೇರಿ, ಬೆರಳಗಲದ ಸಾಲು ಹೊಲಿಗೆಯಲ್ಲಿ ಒಂದಾಗಿದ್ದವು. ಅವ್ವ ಜಮಖಾನೆ ಹಾಸಿದಳು, ಕೌದಿಯನ್ನು ದಿವಾನದ ಮೇಲೆ ಹರವಿದಳು, ಹಳೆಯ ಸೀರೆ ಹರಿದು ಕಿಟಕಿಗೆ ಪರದೆ ಕಟ್ಟಿದಳು. ಆಮೇಲೆ ಸೊಂಟಕ್ಕೆ ಕೈಯಿಟ್ಟು, "ಈಗ ಮನಿ ಬಾಯಿ ಮುಚ್ಕೊಂಡ್ತು ನೋಡು" ಅಂದಳು. ನಾನು ಚಪ್ಪಾಳೆ ತಟ್ಟಿದೆ. ಚಪ್ಪಾಳೆ ತಟ್ಟಿದಲ್ಲೇ ಮುಗಿಯಿತು.

ಗೋಡೆಗೂ ಕಿವಿ ಇದೆ ಅನ್ನುತ್ತೇವೆ. ಅವ್ವನ ಲೆಕ್ಕದಲ್ಲಿ ಗೋಡೆಗಿರುವುದು ಬಾಯಿ, ಕಿವಿಯಿರುವುದು ಬಟ್ಟೆಗೆ. ವಿಜ್ಞಾನ ಅವ್ವನ ಕಡೆಗಿದೆ. ಸದ್ದೆಂದರೆ ಗಾಳಿಯ ಅಲುಗಾಟ. ಗಟ್ಟಿ ಗೋಡೆಗೆ ಬಡಿದರೆ ಬಂದ ದಾರಿಗೇ ತಿರುಗುತ್ತದೆ. ಬಟ್ಟೆಯಲ್ಲಾದರೆ ನೂಲುಗಳ ನಡುವಿನ ಸಂದಿಗೆ ನುಗ್ಗಿ, ಎಳೆ ಎಳೆಗೂ ಉಜ್ಜಿ ಸುಸ್ತಾಗಿ, ಗೊತ್ತೇ ಆಗದಷ್ಟು ಬಿಸಿಯಾಗಿ ಕರಗಿಹೋಗುತ್ತದೆ. ಮಗಳ ಕೂಗಿನ ಒಂದು ಪಾಲು ನನ್ನ ಹಳೆಯ ಚಡ್ಡಿಯನ್ನು ಕಣದಷ್ಟು ಬೆಚ್ಚಗೆ ಮಾಡುತ್ತಿದೆ ಅಂದುಕೊಂಡಾಗ ಬೆರಗೂ ಆಗುತ್ತದೆ, ನಗುವೂ ಬರುತ್ತದೆ.

ಬಟ್ಟೆ ಸದ್ದು ನುಂಗುವುದನ್ನು ಮೊದಲು ಅಳೆದು ನೋಡಿದವನು ವಾಲೇಸ್ ಸಬೀನ್. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಸಭಾಂಗಣವೊಂದರಲ್ಲಿ ಆಡಿದ ಒಂದು ಮಾತು ಸುಮಾರು ಐದೂವರೆ ಸೆಕೆಂಡು ಗುಂಯ್‌ಗುಡುತ್ತಿತ್ತು. ಸರಿಪಡಿಸುವ ಕೆಲಸ ಅಲ್ಲಿನ ಈ ಎಳೆಯ ಮೇಷ್ಟರ ಪಾಲಿಗೆ ಬಂತು. ಆತ ರಾತ್ರಿಯಾಗುತ್ತಲೇ ಪಕ್ಕದ ನಾಟಕಶಾಲೆಯ ಕುರ್ಚಿಗಳ ಮೆತ್ತೆಗಳನ್ನು ಹೊತ್ತು ತಂದು ಹರಡಿ, ಸದ್ದು ಎಷ್ಟು ಹೊತ್ತಿಗೆ ಸಾಯುತ್ತದೆಂದು ಗಡಿಯಾರ ಹಿಡಿದು ಅಳೆಯುತ್ತಿದ್ದ. ಬೆಳಗಾಗುವುದರೊಳಗೆ ಮೆತ್ತೆಗಳು ವಾಪಸ್. ಕೊನೆಗೆ ಅವನು ಹಿಡಿದ ಅಳತೆಗೋಲು ತೆರೆದ ಕಿಟಕಿ. ಕಿಟಕಿಯಿಂದ ಹೊರಗೆ ಹೋದ ಸದ್ದು ತಿರುಗಿ ಬರುವುದಿಲ್ಲವಲ್ಲ! ಇಂಥ ಬಟ್ಟೆ ಎಷ್ಟು ದೊಡ್ಡ ತೆರೆದ ಕಿಟಕಿಗೆ ಸಮ ಅನ್ನುವುದು ಅವನ ಲೆಕ್ಕ. ಧೂಳಿಗೂ ಹಾರ್ನಿಗೂ ಹೆದರಿ ಹಗಲೆಲ್ಲ ಕಿಟಕಿ ಮುಚ್ಚಿಕೊಳ್ಳುವ ನಮ್ಮ ಮನೆಯಲ್ಲಿ ಅವ್ವನ ಕೌದಿಯೇ ತೆರೆದ ಕಿಟಕಿ.

ಈ ಗುಟ್ಟು ಎಪಿಎಂಸಿ ಯಾರ್ಡಿನಲ್ಲೂ ಸಿಗುತ್ತದೆ. ಹೊರಗೆ ಲಾರಿ, ಹಮಾಲರ ಕೂಗು. ಮಂಡಿಯೊಳಗೆ ಕಾಲಿಟ್ಟು ಆಳೆತ್ತರದ ಗೋಣಿಚೀಲಗಳ ನಡುವೆ ನಿಂತರೆ ಕಿವಿಗೆ ಹತ್ತಿ ಇಟ್ಟಂತೆ. ಗುಮಾಸ್ತ ಪಿಸುದನಿಯಲ್ಲಿ ಹೇಳಿದ ದರವೂ ಸ್ಪಷ್ಟ. ಸೆಣಬು ನೇಯ್ದವರು ಅಕ್ಕಿಬೇಳೆಯ ಕಾವಲಿಗೆಂದು ನೇಯ್ದರು, ನಿಶ್ಶಬ್ದ ಕೊಸರಿಗೆ ಬಂತು.

ಹಾಗೆಂದು ಬಟ್ಟೆಗೆ ಎಲ್ಲವೂ ಕೇಳುವುದಿಲ್ಲ. ತೆಳು ಬಟ್ಟೆ ಹಿಡಿಯುವುದು ಚಿಕ್ಕ ಅಲೆಯ ಚುರುಕು ಸದ್ದನ್ನು: ಚಮಚದ ಟಣ್, ಮಗುವಿನ ಕೀರಲು, ಮಾತಿನ ಮೊನೆ. ನಡುರಾತ್ರಿಯ ಗೂಡ್ಸ್ ಗಾಡಿಯ ಗುಡುಗು ಮೂರು ಮೀಟರಿಗೂ ಉದ್ದದ ಅಲೆ, ಅದಕ್ಕೆ ಕೌದಿಯ ಹಂಗಿಲ್ಲ. ಪರದೆಯನ್ನು ಗೋಡೆಗೆ ಅಂಟಿಸಿದಂತೆ ಕಟ್ಟದೆ, ಒಂದು ಗೇಣು ಬಿಟ್ಟು ನೆರಿಗೆ ನೆರಿಗೆಯಾಗಿ ಇಳಿಬಿಟ್ಟರೆ ಮಾತ್ರ ಅದರ ಕಿವಿ ಇನ್ನಷ್ಟು ಚುರುಕು. ಗೋಡೆಗೆ ಒತ್ತಿಕೊಂಡ ಗಾಳಿಗೆ ಅಲುಗಾಡಲು ಜಾಗವಿಲ್ಲ, ಅಲುಗಾಡದ ಗಾಳಿಯನ್ನು ನೂಲು ಹಿಡಿಯಲಾರದು.

ಮೊನ್ನೆ ಒಳ್ಳೆಯ ಬಿಸಿಲಿತ್ತು. ಕೌದಿ, ಜಮಖಾನೆ, ಪರದೆ ಎಲ್ಲವನ್ನೂ ಒಗೆದು ತಾರಸಿಯಲ್ಲಿ ಹರವಿದೆವು. ಮಗಳು ಹಾಲ್‌ನಿಂದ "ಅಪ್ಪಾ" ಅಂದಳು. ಬಾಲ ಮತ್ತೆ ಬಂದಿತ್ತು. ಸಂಜೆ ಬಟ್ಟೆ ಒಳಗೆ ಬರುವವರೆಗೆ ನಾವೆಲ್ಲ ಮೆಲ್ಲಗೆ ಮಾತಾಡಿದೆವು.