ಬಲಗೈಯ ಬೆಲೆ

ಚಿಕ್ಕಮ್ಮನಿಗೆ ಟೆಂಪೊ ಬಡಿದದ್ದು 2011ರ ಮಳೆಗಾಲದಲ್ಲಿ. ಹಾಲಿನ ಕ್ಯಾನು ಹಿಡಿದು ರಸ್ತೆಯ ಅಂಚಿನಲ್ಲೇ ನಡೆಯುತ್ತಿದ್ದಳು, ತಪ್ಪು ಅವಳದಾಗಿರಲಿಲ್ಲ. ಜೀವ ಉಳಿಯಿತು, ಬಲಗೈ ಮಾತ್ರ ಮೊಣಕೈಯಿಂದ ಕೆಳಗೆ ಹೇಳಿದ ಮಾತು ಕೇಳದಂತಾಯಿತು. ಪರಿಹಾರದ ಅರ್ಜಿಗೆ ವಿವರ ಬರೆದುಕೊಟ್ಟವನು ನಾನೇ. ವಯಸ್ಸು 48 ಎಂದು ಬರೆದೆ. ಉದ್ಯೋಗ ಎಂಬಲ್ಲಿ ‘ಏನೂ ಇಲ್ಲ’ ಎಂದು ಬರೆದೆ. ಬರೆಯುವಾಗ ಪೆನ್ನು ಒಂದು ಕ್ಷಣವೂ ತಡೆಯಲಿಲ್ಲ ಎಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ. ವಕೀಲರು ಅದನ್ನು ಹೊಡೆದುಹಾಕಿ ‘ಗೃಹಕೃತ್ಯ’ ಎಂದು ತಿದ್ದಿದರು.

ಅಪರಾಧಕ್ಕೆ ಶಿಕ್ಷೆ ಕೊಡುವಾಗ ಕಾನೂನು ತಪ್ಪು ಮಾಡಿದವನ ಕಡೆ ನೋಡುತ್ತದೆ. ಪರಿಹಾರ ಕೊಡಿಸುವಾಗ ನೊಂದವರ ಕಡೆ ತಿರುಗುತ್ತದೆ. ಎಚ್ಚರದಿಂದಿರುವ ಹೊಣೆ ಇತ್ತೆ, ಅದು ತಪ್ಪಿತೆ, ತಪ್ಪಿದ್ದರಿಂದಲೇ ಹಾನಿಯಾಯಿತೆ ಎಂದು ಕೇಳುತ್ತದೆ. ಹೌದಾದರೆ, ಹಣದಿಂದ ಆಗುವಷ್ಟರ ಮಟ್ಟಿಗೆ ನೊಂದವರನ್ನು ಮೊದಲಿದ್ದ ಸ್ಥಿತಿಯಲ್ಲಿ ನಿಲ್ಲಿಸಬೇಕೆನ್ನುತ್ತದೆ. ‘ಹಣದಿಂದ ಆಗುವಷ್ಟು’ ಎಂಬ ಮಾತಿನಲ್ಲೇ ಕಾನೂನಿನ ವಿನಯವೂ ಇದೆ, ಸೋಲೂ ಇದೆ.

ಚಿಕ್ಕಮ್ಮನ ಲೆಕ್ಕ ಹೀಗೆ ನಡೆಯಿತು. ತಿಂಗಳಿಗೆ 6,000 ರೂಪಾಯಿ ಎಂದು ಹಿಡಿದರು; ವರ್ಷಕ್ಕೆ 72,000. ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ ಹಾಕಿಕೊಟ್ಟ ಪಟ್ಟಿಯಂತೆ 46ರಿಂದ 50ರ ವಯಸ್ಸಿಗೆ ಗುಣಕ 13. ಗುಣಿಸಿದರೆ 9,36,000. ವೈದ್ಯರು ಹೇಳಿದ ಊನ ಶೇಕಡಾ 40. ಹಾಗಾಗಿ ದುಡಿಮೆಯ ನಷ್ಟ 3,74,400 ರೂಪಾಯಿ.

ಈ ಶೇಕಡಾ 40 ಎಂಬುದೇ ನನ್ನನ್ನು ಕಾಡಿದ್ದು. ರಾಜ್ ಕುಮಾರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ದೇಹದ ಊನವೇ ಬೇರೆ, ದುಡಿಮೆಯ ನಷ್ಟವೇ ಬೇರೆ ಎಂದಿದೆ. ಒಂದು ಕೈ ಹೋದರೆ ಚಾಲಕನೋ ಬಡಗಿಯೋ ಪೂರ್ತಿ ದುಡಿಮೆಯನ್ನೇ ಕಳೆದುಕೊಳ್ಳಬಹುದು. ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು. ಹಾಗಾದರೆ ರೊಟ್ಟಿ ತಟ್ಟುವವಳು, ಹಾಲು ಕರೆಯುವವಳು, ಬಟ್ಟೆ ಹಿಂಡುವವಳು ಗುಮಾಸ್ತನ ಸಾಲಿಗೋ ಬಡಗಿಯ ಸಾಲಿಗೋ? ನಮ್ಮಲ್ಲಿ ಯಾರಿಗೂ ಈ ಪ್ರಶ್ನೆ ಹೊಳೆಯಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕೈ ಅವಳದು, ಬಾಯಿ ನಮ್ಮದು.

ಕುರುಡು ನನ್ನೊಬ್ಬನದೇ ಅಲ್ಲವೆಂದು ಆಮೇಲೆ ತಿಳಿಯಿತು. 1994ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿಸಿದ ಅನುಸೂಚಿಯಲ್ಲಿ, ಸಂಪಾದನೆಯಿಲ್ಲದ ಹೆಂಡತಿಯ ಆದಾಯವೆಂದರೆ ಗಂಡನ ಆದಾಯದ ಮೂರನೆಯ ಒಂದು ಭಾಗವಾಗಿತ್ತು. 2001ರ ಜನಗಣತಿಯಲ್ಲಿ ಗೃಹಿಣಿಯರು ಭಿಕ್ಷುಕರ, ಕೈದಿಗಳ ಜೊತೆ ದುಡಿಯದವರ ಪಟ್ಟಿಯಲ್ಲಿದ್ದರು. 2010ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿ ಆಡಿತು. 2021ರ ತೀರ್ಪೊಂದರಲ್ಲಿ ನ್ಯಾಯಮೂರ್ತಿ ರಮಣ ಅವರು 2019ರ ಸಮೀಕ್ಷೆಯ ಅಂಕಿಗಳನ್ನು ಕೊಟ್ಟರು: ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಾರೆ, ಗಂಡಸರು 97.

ತಾಯಿಯ ಕೆಲಸಕ್ಕೆ ಬೆಲೆ ಕಟ್ಟುವುದೇ ಅವಮಾನವಲ್ಲವೆ ಎಂದು ಕೆಲವರು ಕೇಳುತ್ತಾರೆ. ನಾನೂ ಹಾಗೆ ಅಂದುಕೊಂಡಿದ್ದೆ. ಪ್ರೀತಿಗೆ ಬೆಲೆಯಿಲ್ಲ ಎನ್ನುವುದು ನಿಜ. ಆದರೆ ‘ಬೆಲೆ ಕಟ್ಟಲಾಗದ್ದು’ ಎಂದು ಹೊಗಳಿದ ಬಾಯೇ ಅರ್ಜಿಯ ಅಂಕಣದಲ್ಲಿ ‘ಏನೂ ಇಲ್ಲ’ ಎನ್ನುತ್ತದೆ. ಎರಡರಲ್ಲೂ ಕೊಡಬೇಕಾದದ್ದು ಸೊನ್ನೆ. ಪರಿಹಾರದ ಮೊತ್ತ ಕೈಯ ಬೆಲೆಯಲ್ಲ. ನಿನ್ನಿಂದ ಏನೋ ಕಿತ್ತುಕೊಳ್ಳಲಾಗಿದೆ, ಅದು ಇತ್ತು ಎಂದು ನಾಲ್ಕು ಜನರ ಎದುರು ಒಪ್ಪಿಕೊಳ್ಳುವುದು. ಆ ಒಪ್ಪಿಗೆ ನಮ್ಮ ಮನೆಯೊಳಗಿಂದ ಮೊದಲು ಬರಬೇಕಿತ್ತು. ಬಂದದ್ದು ನ್ಯಾಯಮಂಡಳಿಯಿಂದ, ಅದೂ ಶೇಕಡಾ 40 ಮಾತ್ರ.

ಹಣವನ್ನು ಠೇವಣಿ ಇಟ್ಟು, ಅದರ ಬಡ್ಡಿಯಲ್ಲಿ ಚಿಕ್ಕಮ್ಮ ಕೆಲಸಕ್ಕೆ ಒಬ್ಬಳನ್ನು ಇಟ್ಟುಕೊಂಡಳು. ಅವಳು ಬರುವುದು ಬೆಳಿಗ್ಗೆ ಎರಡು ಗಂಟೆ. “ತಿಂಗಳ ಕೊನೆಗೆ ಅವಳಿಗೆ ಎಣಿಸಿಕೊಡುವಾಗ, ನನ್ನ ಮೂವತ್ತು ವರ್ಷಕ್ಕೆ ಎಷ್ಟಾಗುತ್ತಿತ್ತೋ ಅಂತ ಲೆಕ್ಕ ಹಾಕ್ತೀನಿ ಕಣೋ” ಎಂದಳು ಒಮ್ಮೆ, ನಗುತ್ತ. ಚಿಕ್ಕಪ್ಪ ಅಲ್ಲೇ ಕೂತಿದ್ದರು. ಪೇಪರಿನಿಂದ ತಲೆ ಎತ್ತಲಿಲ್ಲ. ನಾನೂ ಕಾಫಿ ಲೋಟ ನೋಡುತ್ತ ಕೂತೆ.